ನಿದ್ದೆಯಕ್ಕನ ಹಿಂದಿನ ಸೀಟು

ಬೀದಿಯವರು ಅವಳನ್ನು ನಿದ್ದೆಯಕ್ಕ ಎಂದು ಕರೆಯುತ್ತಿದ್ದದ್ದು ಸೋಮಾರಿ ಎಂದಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಅಂಗಡಿಯ ಮುಂದಿನ ಕಸ ಗುಡಿಸುವವಳು ಅವಳೇ, ಎಲ್ಲರಿಗಿಂತ ಕೊನೆಗೆ ಒಲೆ ಆರಿಸುವವಳೂ ಅವಳೇ. ಆದರೆ ಹಾಡುವ ಮೋಟಾರ್ ಸೈಕಲ್ಲಿನ ಹಿಂದಿನ ಸೀಟಿನ ಮೇಲೆ ಕೂತರೆ ಸಾಕು, ರೆಪ್ಪೆ ಭಾರವಾಗಿಬಿಡುತ್ತಿತ್ತು. ಆ ನಿದ್ದೆಯ ಮೇಲೆಯೇ ಒಂದು ಸಂಸಾರ, ಒಂದು ಅಂಗಡಿ ನಿಂತಿತ್ತು ಎಂದರೆ ಕೇಳಿದವರು ನಗುತ್ತಾರೆ. ನಗಲಿ. ನಿಂತಿದ್ದು ಮಾತ್ರ ನಿಜ.

ಅವಳ ಗಂಡ ವಯರ್ ಮೇಸ್ತ್ರಿ. ಮೋಟಾರ್ ಸೈಕಲ್ಲುಗಳಿಗೆ ಹಾಡಿನ ಸೆಟ್ಟು ಕೂರಿಸುವುದು ಅವನ ಕಸುಬು. ಮುಂದಿನ ಕೋಣೆ ಅಂಗಡಿ, ಹಿಂದಿನ ಕೋಣೆ ಮನೆ, ನಡುವೆ ಒಂದು ಪರದೆ. ಅಂಗಡಿಯ ಗೋಡೆ ತುಂಬ ಮೊಳೆ, ಮೊಳೆ ತುಂಬ ಕೆಂಪು, ಕಪ್ಪು, ಹಳದಿ ವಯರಿನ ಸುರುಳಿಗಳು. ಬೆಸುಗೆಯ ಹೊಗೆಯ ವಾಸನೆ ಪರದೆಯನ್ನೂ ದಾಟಿ ತಲೆದಿಂಬಿನವರೆಗೆ ಬಂದು ನೆಲೆಸಿತ್ತು. ಗಾಡಿ ಬಂದರೆ ಮೇಸ್ತ್ರಿ ಮೊದಲು ಸೀಟು ಬಿಚ್ಚಿ, ಟ್ಯಾಂಕ್ ಎತ್ತಿ, ಅದರ ಹೊಟ್ಟೆಯೊಳಗೆ ಡಾಕ್ಟರ ಹಾಗೆ ಇಣುಕಿ ನೋಡುತ್ತಿದ್ದ. ಆಂಪ್ಲಿಫೈಯರ್ ಎಂಬ ಚಪ್ಪಟೆ ಪೆಟ್ಟಿಗೆ ಸೀಟಿನ ಕೆಳಗೆ, ರಬ್ಬರಿನ ಬಿಲ್ಲೆಗಳ ಮೇಲೆ. ಇಲ್ಲದಿದ್ದರೆ ಇಂಜಿನ್ನಿನ ನಡುಕಕ್ಕೆ ಅದರ ಕರುಳೇ ಸಡಿಲವಾಗುತ್ತದೆ. ಬ್ಯಾಟರಿಯಿಂದ ಹೊರಟ ಕೆಂಪು ವಯರಿಗೆ ಬ್ಯಾಟರಿಯ ಮಗ್ಗುಲಲ್ಲೇ ಫ್ಯೂಸು. ಕಪ್ಪು ವಯರು ಗಾಡಿಯ ಕಬ್ಬಿಣಕ್ಕೆ, ಅದೂ ಬಣ್ಣ ಕೆರೆದು ಕಬ್ಬಿಣ ಹಲ್ಲು ಬಿಟ್ಟ ಮೇಲೆ. ಹಾಡಿನ ವಯರು ಟ್ಯಾಂಕಿನ ಒಂದು ಬದಿಗೆ ಹೋದರೆ ಕರೆಂಟಿನ ವಯರು ಇನ್ನೊಂದು ಬದಿಗೆ. ಎರಡೂ ಮೈಗೆ ಮೈ ತಾಗಿಸಿಕೊಂಡು ಹೋದವೋ, ಆಕ್ಸಿಲರೇಟರ್ ತಿರುಗಿಸಿದಾಗೆಲ್ಲ ಹಾಡಿನೊಳಗೆ ಒಂದು ಸೊಳ್ಳೆ ಕುಯ್ಯೆನ್ನುತ್ತದೆ. ಕೊನೆಗೆ ಹ್ಯಾಂಡಲಿನ ಎಡಕ್ಕೊಂದು, ಬಲಕ್ಕೊಂದು ಸ್ಪೀಕರು.

ಸ್ಪೀಕರು ಕೂರಿಸುವ ಮುಂಚೆ ಮೇಸ್ತ್ರಿ ಮಾಡುತ್ತಿದ್ದ ಒಂದು ಕೆಲಸವನ್ನು ನೋಡಲು ಅವಳು ಒಲೆಯ ಮೇಲಿಟ್ಟದ್ದನ್ನೂ ಬಿಟ್ಟು ಪರದೆ ಸರಿಸಿಕೊಂಡು ಬರುತ್ತಿದ್ದಳು. ಟಾರ್ಚಿನ ಸೆಲ್ಲಿಗೆ ಎರಡು ತುಂಡು ವಯರು ಹಿಡಿದು ಸ್ಪೀಕರಿನ ಬೆನ್ನಿಗೆ ಮುಟ್ಟಿಸುವುದು. ವಯರು ಸರಿಯಿದ್ದರೆ ಒಳಗಿನ ಕಪ್ಪು ಬಟ್ಟಲು ಪಟಕ್ಕನೆ ಮುಂದೆ ಬರುತ್ತದೆ, ಅದಲುಬದಲಾಗಿದ್ದರೆ ಹಿಂದಕ್ಕೆ ಸರಿಯುತ್ತದೆ.

"ನೋಡೇ, ಉಸಿರಾಡ್ತು," ಎನ್ನುತ್ತಿದ್ದ ಮೇಸ್ತ್ರಿ. "ಎರಡೂ ಒಟ್ಟಿಗೆ ಉಸಿರಾಡಬೇಕು. ಒಂದು ಎಳ್ಕೊಳ್ಳೋವಾಗ ಇನ್ನೊಂದು ಬಿಟ್ರೆ ದಪ್ಪ ಸದ್ದೆಲ್ಲ ಮಾಯ. ಹಾಡು ಊಟ ಬಿಟ್ಟವರ ಹಾಗೆ ಕೇಳುತ್ತೆ."

ಆದರೆ ನಿಂತ ಗಾಡಿಯಲ್ಲಿ ಚೆನ್ನಾಗಿ ಹಾಡಿದ ಸೆಟ್ಟು ಓಡುವ ಗಾಡಿಯಲ್ಲಿ ಹಾಗೇ ಹಾಡುವುದಿಲ್ಲ. ಗಾಳಿ ಒಂದಷ್ಟು ಕದಿಯುತ್ತದೆ, ಇಂಜಿನ್ನು ಒಂದಷ್ಟು ನುಂಗುತ್ತದೆ, ಸೈಲೆನ್ಸರ್ ಇರುವ ಬದಿಯ ಸ್ಪೀಕರು ಸದಾ ಸೋತವನ ಹಾಗೆ ಕೇಳುತ್ತದೆ. ಅದಕ್ಕೇ ಆಂಪ್ಲಿಫೈಯರಿನಲ್ಲಿ ಎಡಕ್ಕೊಂದು ಬಲಕ್ಕೊಂದು ಸಣ್ಣ ತಿರುಪು ಇರುತ್ತದೆ. ಓಡಿಸಿ ನೋಡಬೇಕು, ತಿರುಪು ತಿರುಗಿಸಬೇಕು, ಮತ್ತೆ ಓಡಿಸಿ ನೋಡಬೇಕು. ಓಡಿಸುವುದು ಮೇಸ್ತ್ರಿಗೆ ಬರುತ್ತಿತ್ತು. ಕೇಳುವುದು ಆಗುತ್ತಿರಲಿಲ್ಲ. ಹರೆಯವನ್ನೆಲ್ಲ ಅವನು ಮಗ್ಗದ ಕಾರ್ಖಾನೆಯಲ್ಲಿ ಕಳೆದಿದ್ದ. ಅಲ್ಲಿನ ಗದ್ದಲ ಅವನ ಕಿವಿಯೊಳಗೆ ಬಿಡಾರ ಹೂಡಿ, ಕೆಲಸ ಬಿಟ್ಟ ಮೇಲೂ ಎದ್ದು ಹೋಗಿರಲಿಲ್ಲ. ಎದುರಿಗೆ ಕೂತು ಮಾತಾಡಿದರೆ ಸರಿ, ಅಂಗಡಿಯೊಳಗೆ ಹಾಡು ಹಾಕಿದರೂ ಸರಿ. ಇಂಜಿನ್ನು ಶುರುವಾಯಿತೋ, ಎಲ್ಲ ಕಲಸಿಹೋಗಿ ಬರೀ ಗುಂಯ್ ಎನ್ನುತ್ತಿತ್ತು.

ಮೊದಲ ಸಲ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡದ್ದು ಕೆಲಸಕ್ಕೆಂದೇನೂ ಅಲ್ಲ. ಮದುವೆಯ ಹೊಸದು. "ಬಾ, ಒಂದು ಸುತ್ತು ಹೋಗಿ ಬರೋಣ," ಎಂದಿದ್ದ. ಕೆರೆಯ ದಡದ ದಾರಿಗೆ ಬಂದಾಗ ಅವಳು ಅವನ ಎಡ ಭುಜ ತಟ್ಟಿದಳು.

"ಏನು?" ಎಂದು ಅವನು ಕೂಗಿದ.

"ಈ ಕಡೆಯವನು ಮುನಿಸ್ಕೊಂಡಿದಾನೆ ರೀ! ಬಾಯೇ ಬಿಡ್ತಿಲ್ಲ!" ಎಂದು ಅವಳೂ ಅವನ ಕಿವಿಗೇ ಬಾಯಿಟ್ಟು ಕೂಗಿದಳು.

ಗಾಡಿ ನಿಲ್ಲಿಸಿ, ಎಡದ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದ. ಮತ್ತೆ ಹೊರಟಾಗ ಹಾಡು ಎರಡೂ ಕಡೆಯಿಂದ ಬಂದು ಅವಳ ಹಣೆಯ ನಡುವೆ ಕೂಡಿಕೊಂಡಿತು. ಹಾಗೆ ಶುರುವಾದದ್ದು. ಎಡ ಭುಜ ತಟ್ಟಿದರೆ ಎಡದ್ದು ಏರಿಸು, ಬಲ ಭುಜ ತಟ್ಟಿದರೆ ಬಲದ್ದು. ಸೊಂಟ ಚಿವುಟಿದರೆ ಸೊಳ್ಳೆ ಸೇರಿಕೊಂಡಿದೆ ಎಂದು. ಎಲ್ಲ ಸರಿಹೋದಾಗ ಅವಳು ಅಂಗೈಯನ್ನು ಅವನ ಬೆನ್ನಿನ ಮೇಲಿಟ್ಟು ಸುಮ್ಮನಾಗುತ್ತಿದ್ದಳು. ಸುಮ್ಮನಾದವಳಿಗೆ ಹಾಗೇ ಜೊಂಪು ಹತ್ತುತ್ತಿತ್ತು.

ಅದಕ್ಕೆ ಕಾರಣ ಅವಳು ಹುಟ್ಟಿ ಬೆಳೆದ ಮನೆ. ಅವಳ ಅಪ್ಪ ಅಚ್ಚಿನ ಕೆಲಸದವನು, ಮುದ್ರಣದ ಯಂತ್ರದ ಹಿಂದಿನ ಕೋಣೆಯೇ ಅವರ ಮನೆ. ಗೋಡೆಯ ಆಚೆ ಯಂತ್ರ ದಡಕ್ ದಡಕ್ ಎನ್ನುತ್ತಿದ್ದರೆ ಈಚೆ ಮಗುವಿಗೆ ನಿದ್ದೆ. ಯಂತ್ರ ನಿಂತರೆ ಮಗು ಕಿಟಾರನೆ ಕಿರುಚಿ ಎದ್ದು ಕೂರುತ್ತಿತ್ತು. "ಲೋಕದ ಮಕ್ಕಳಿಗೆ ಸದ್ದಾದ್ರೆ ಎಚ್ಚರ, ನನ್ನ ಮಗಳಿಗೆ ಸದ್ದು ನಿಂತ್ರೆ ಎಚ್ಚರ," ಎಂದು ಅವಳ ಅಮ್ಮ ತಲೆ ಚಚ್ಚಿಕೊಳ್ಳುತ್ತಿದ್ದಳಂತೆ. ಸಮವಾಗಿ ಬರುವ ಸದ್ದು ಅವಳಿಗೆ ಹೊದಿಕೆಯ ಹಾಗೆ. ಎಲ್ಲಾದರೂ ಒಂದು ಕಡೆ ಗಿಡ್ಡವಾಗಿದ್ದರೆ ಚಳಿ ಹೊಕ್ಕು ಎಚ್ಚರವಾಗುತ್ತಿತ್ತು.

ಮೇಸ್ತ್ರಿ ಇದನ್ನೇ ಹಿಡಿದುಕೊಂಡ. ಹೆಂಡತಿ ತೂಕಡಿಸಿದರೆ ಸೆಟ್ಟು ಸರಿಯಿದೆ, ತೂಕಡಿಸದಿದ್ದರೆ ಇನ್ನೂ ಕೆಲಸ ಬಾಕಿ. ಗಾಡಿ ಬಿಡಿಸಿಕೊಳ್ಳಲು ಬಂದವರು ಬೇರೇನೂ ಕೇಳುತ್ತಿರಲಿಲ್ಲ. "ಅಕ್ಕನಿಗೆ ನಿದ್ದೆ ಬಂತಾ ಮೇಸ್ತ್ರಿ?" ಎನ್ನುವುದೊಂದೇ. ಬಂತು ಎಂದರೆ ಕಣ್ಣು ಮುಚ್ಚಿಕೊಂಡು ಗಾಡಿ ಒಯ್ಯುತ್ತಿದ್ದರು.

ಅವಳು ಬೀಳದ ಹಾಗೆ ಇಬ್ಬರನ್ನೂ ಸೇರಿಸಿ ಕಟ್ಟುವ ಅಗಲವಾದ ಪಟ್ಟಿಯನ್ನು ಹೊಲಿದುಕೊಟ್ಟವಳು ಅವಳ ತಂಗಿ. ಎದುರು ಸಾಲಿನಲ್ಲಿ ಅವಳದು ದರ್ಜಿ ಅಂಗಡಿ. ಹಳೇ ಪರದೆಯ ದಪ್ಪ ಬಟ್ಟೆಯನ್ನು ಜೋಡಿ ಮಡಿಸಿ, ಮುಂದೆ ಕಬ್ಬಿಣದ ಬಕಲ್ ಹಾಕಿ, ತಾನೇ ನಿಂತು ಕಟ್ಟಿ ನೋಡಿದಳು.

"ಎಳೇ ಮಕ್ಕಳನ್ನ ಬೆನ್ನಿಗೆ ಕಟ್ಕೊಂಡು ಹೋಗೋರನ್ನ ನೋಡಿದ್ದೆ ಭಾವ, ಹೆಂಡ್ತೀನ ಕಟ್ಕೊಂಡು ಹೋಗೋರನ್ನ ಇವತ್ತೇ ನೋಡಿದ್ದು."

"ಬಿಟ್ರೆ ಓಡಿಹೋಗ್ತಾಳಲ್ಲ, ಅದಕ್ಕೆ," ಎಂದ ಮೇಸ್ತ್ರಿ.

"ಎಲ್ಲಿಗೆ ಓಡಲಿ? ದಿನಕ್ಕೊಂದು ಹೊಸ ಗಾಡಿ ಹತ್ತೀನಿ, ಮುಂದೆ ನೋಡಿದ್ರೆ ಅದೇ ಹಳೇ ಬೆನ್ನು," ಎಂದಳು ನಿದ್ದೆಯಕ್ಕ. ತಂಗಿ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿ ಉದುರುವ ಹಾಗೆ ನಕ್ಕಳು.

ಬಾಯಿ ಹಾಗೆಂದರೂ, ಆ ಹಿಂದಿನ ಸೀಟು ಅವಳಿಗೆ ಏನು ಎಂಬುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹುಟ್ಟಿದ್ದು ಹಿಂದಿನ ಕೋಣೆ, ಮದುವೆಯಾಗಿ ಬಂದದ್ದೂ ಹಿಂದಿನ ಕೋಣೆ. ಹೊರಗಿನ ಲೋಕ ಅವಳಿಗೆ ಸಿಕ್ಕಿದ್ದೇ ಆ ಒಂದು ಸುತ್ತಿನಲ್ಲಿ. ಕ್ಷೌರದಂಗಡಿಯ ಕನ್ನಡಿಗಳು ಫಳಕ್ಕೆಂದು ಹೋಗುತ್ತಿದ್ದವು. ಮರದ ಡಿಪೋದ ಉದ್ದನೆ ಗೋಡೆಯ ಪಕ್ಕ ಹಾಡು ಗೋಡೆಗೆ ಬಡಿದು ತಿರುಗಿ ಬರುತ್ತಿತ್ತು. ಆಮೇಲೆ ಗೋಡೆ ಮುಗಿದು ಕೆರೆ ತೆರೆದುಕೊಂಡಾಗ ಹಾಡು ಒಮ್ಮೆಲೇ ಕೈಯಿಂದ ಬಿಟ್ಟ ಹಕ್ಕಿಯ ಹಾಗೆ ನೀರಿನ ಮೇಲೆ ಹರಡಿಹೋಗುತ್ತಿತ್ತು. ಅಲ್ಲಿ ಅವಳ ಕಣ್ಣು ಮುಚ್ಚುತ್ತಿತ್ತು. ಪೂರ್ತಿ ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಮರದ ನೆರಳು ರೆಪ್ಪೆಯ ಮೇಲೆ ಕಪ್ಪಾಗಿ, ಕೆಂಪಾಗಿ ದಾಟುತ್ತಿತ್ತು. ಇಂಜಿನ್ನಿನ ಸದ್ದು ಅಪ್ಪನ ಯಂತ್ರವಾಗುತ್ತಿತ್ತು, ಗಾಳಿಗೆ ಹಸಿ ಮಸಿಯ ವಾಸನೆ ಬರುತ್ತಿತ್ತು, ಹಾಡು ಕಾಗದದ ಹಾಳೆಗಳಾಗಿ ಒಂದರ ಮೇಲೊಂದು ಮೆಲ್ಲಗೆ ಬೀಳುತ್ತಿತ್ತು. ಒಮ್ಮೆ ತಾನು ಕೆರೆಯ ಮೇಲೇ ಗಾಡಿಯಲ್ಲಿ ಹೋಗುತ್ತಿದ್ದ ಹಾಗೆ, ಕೆಳಗೆ ಮೀನುಗಳು ತಲೆಯೆತ್ತಿ ಹಾಡು ಕೇಳುತ್ತಿದ್ದ ಹಾಗೆ ಕನಸು ಬಿದ್ದಿತ್ತು. ಅಂಗಡಿ ಮುಂದೆ ಬಂದು ಇಂಜಿನ್ನು ನಿಂತಾಗ ಎಚ್ಚರ. ಇಳಿದು ಒಳಗೆ ಹೋಗಿ ಪಾತ್ರೆ ತೊಳೆಯುವಾಗಲೂ ಕೈಗೆ ಒಂದಷ್ಟು ಹೊತ್ತು ಆ ಕನಸಿನ ನೀರೇ ಹತ್ತಿಕೊಂಡಿರುತ್ತಿತ್ತು.

ವರ್ಷಗಳು ಹೀಗೆ ಕಳೆದವು. ಆಮೇಲೆ ಒಂದು ಚಳಿಗಾಲ ಅವಳಿಗೆ ಕೆಟ್ಟ ನೆಗಡಿ ಹಿಡಿಯಿತು. ನೆಗಡಿ ಹೋಯಿತು, ಹೋಗುವಾಗ ಎಡಗಿವಿಯನ್ನು ಜೊತೆಗೆ ಕರೆದುಕೊಂಡು ಹೋಯಿತು. ಮೊದಮೊದಲು ಅವಳಿಗೂ ತಿಳಿಯಲಿಲ್ಲ. ಯಾವ ಗಾಡಿ ಹತ್ತಿದರೂ ಎಡದ ಸ್ಪೀಕರು ಸಣ್ಣಗೆ ಕೇಳುತ್ತಿತ್ತು. ಎಡ ಭುಜ ತಟ್ಟಿದಳು. ಮೇಸ್ತ್ರಿ ಏರಿಸಿದ. ಇನ್ನೂ ಸಾಲದು ಎಂದು ಮತ್ತೆ ತಟ್ಟಿದಳು. ಎರಡು ತಿರುಪುಗಳ ನಡುವೆ ಅಷ್ಟೊಂದು ಅಂತರ ಬಂದದ್ದು ಮೇಸ್ತ್ರಿಯ ಕಣ್ಣಿಗೂ ಬೀಳದೆ ಇರಲಿಲ್ಲ. ಆದರೆ ಅವನಿಗೆ ತನ್ನ ಕಣ್ಣಿಗಿಂತ ಅವಳ ಕೈಯ ಮೇಲೆ ನಂಬಿಕೆ.

ಒಂದು ಬೆಳಿಗ್ಗೆ ಬಾಗಿಲ ಮೆಟ್ಟಿಲ ಮೇಲೆ ಕೂತು ತಲೆ ಬಾಚಿಕೊಳ್ಳುವಾಗ, ಎಡಕ್ಕಿದ್ದ ತಂಗಿಯ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಚಕ್ರ ತಿರುಗುತ್ತಿರುವುದು ಕಂಡಿತು. ಸದ್ದು ಮಾತ್ರ ಬರಲಿಲ್ಲ. ಬಾಚಣಿಗೆ ಹಿಡಿದ ಕೈಯಿಂದಲೇ ಬಲಗಿವಿ ಮುಚ್ಚಿ ನೋಡಿದಳು. ಬೀದಿಯೇ ಹತ್ತಿಯೊಳಗೆ ಮುಳುಗಿಹೋಯಿತು. ಕೈ ತೆಗೆದಳು. ಹೊಲಿಗೆ ಯಂತ್ರ ದೂರದಲ್ಲಿ ಟಕಟಕ ಎಂದಿತು, ಅದೂ ಬಲಗಡೆಯಿಂದ ಬಂದ ಹಾಗೆ.

ಅವತ್ತೇ ಹೇಳಬಹುದಿತ್ತು. ಆದರೆ ಹೇಳಿದರೆ ಮೇಸ್ತ್ರಿ ಇನ್ನು ಅವಳನ್ನು ಕರೆಯುವುದಿಲ್ಲ. ಕಿವಿಯಿಲ್ಲದವಳನ್ನು ಕಟ್ಟಿಕೊಂಡು ಹೋಗಿ ಮಾಡುವುದೇನು? ಕೆರೆ ಹೋಯಿತು, ಗೋಡೆ ಹೋಯಿತು, ಹಗಲೆಲ್ಲ ಈ ಪರದೆ ನೋಡಿಕೊಂಡು ಕೂರಬೇಕು. ಅವಳು ಬಾಚಣಿಗೆಗೆ ಸುತ್ತಿದ್ದ ಕೂದಲನ್ನು ಬಿಡಿಸಿ ಎಸೆದಳು.

ಆಮೇಲಿನ ಗಾಡಿಗಳಲ್ಲಿ ಅವಳು ಅಂದಾಜಿನ ಮೇಲೆ ತಟ್ಟತೊಡಗಿದಳು. ಒಮ್ಮೆ ಎಡ, ಒಮ್ಮೆ ಬಲ, ಆದರೂ ಹೆಚ್ಚು ಸಲ ಎಡವೇ. ಸದ್ದಿನ ಹೊದಿಕೆ ಒಂದು ಕಡೆ ಗಿಡ್ಡವಾಗಿತ್ತು, ನಿದ್ದೆಯೆಂಬುದು ಹತ್ತಿರ ಸುಳಿಯುತ್ತಿರಲಿಲ್ಲ. ಅವಳೇ ಅಂಗೈಯನ್ನು ಅವನ ಬೆನ್ನಿಗಿಟ್ಟು, ತಲೆ ವಾಲಿಸಿ, ನಿದ್ದೆ ಬಂದವಳ ಹಾಗೆ ಕೂರುತ್ತಿದ್ದಳು. ಮುಚ್ಚಿದ ರೆಪ್ಪೆಯ ಹಿಂದೆ ಕೆರೆ ದಾಟಿದ್ದು, ಗೋಡೆ ಬಂದದ್ದು ಎಲ್ಲ ಲೆಕ್ಕಕ್ಕೆ ಸಿಗುತ್ತಿತ್ತು. ಕನಸು ಮಾತ್ರ ಬರುತ್ತಿರಲಿಲ್ಲ.

ಮೊದಲು ವಾಪಸ್ ಬಂದವನು ಬ್ರೆಡ್ಡಿನಣ್ಣ. ಬೆಳಗಿನ ಜಾವ ಮನೆಮನೆಗೆ ಬ್ರೆಡ್ಡು ಹಾಕುವವನು.

"ಮೇಸ್ತ್ರಿ, ನಿಮ್ಮ ಸೆಟ್ಟು ನನ್ನ ಎಡಗಿವಿ ಮೇಲೆ ಜಗಳ ತೆಗೆದಿದೆ. ಬಲಗಿವಿಗೆ ಏನೂ ಅನ್ನಲ್ಲ, ಎಡಗಿವಿಗೆ ಮಾತ್ರ ಬಯ್ಯುತ್ತೆ. ತಪ್ಪಿಸ್ಕೊಳ್ಳೋಕೆ ಕತ್ತು ವಾಲಿಸಿ ವಾಲಿಸಿ ಅದೇ ಅಭ್ಯಾಸ ಆಗಿಹೋಯ್ತು. ಮೊನ್ನೆ ಒಂದು ಅಜ್ಜಿ, ಯಾಕಪ್ಪ, ಕತ್ತು ಉಳುಕಿದೆಯಾ, ಎಣ್ಣೆ ಕೊಡ್ಲಾ ಅಂತು."

"ಅಕ್ಕನಿಗೆ ನಿದ್ದೆ ಬಂದಿತ್ತಲ್ಲೋ?"

"ಅಕ್ಕನಿಗೆ ಬಂದಿತ್ತು. ನನಗೆ ಬರ್ತಿಲ್ಲ."

ಪರದೆಯ ಹಿಂದೆ ನಿಂತಿದ್ದ ಅವಳು ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಆಮೇಲೆ ಆ ಕೈ ತಾನಾಗಿ ಎಡಗಿವಿಗೆ ಹೋಯಿತು. ಅವನ ಹಿಂದೆಯೇ ಇನ್ನೊಬ್ಬರು ಬಂದರು, ಮತ್ತೊಬ್ಬರು ಬಂದರು. ಬೀದಿಯ ತುದಿಯಲ್ಲಿ ನಿಂತು ನೋಡಿದರೆ ಮೇಸ್ತ್ರಿಯ ಕೈಯಿಂದ ಹೋದ ಗಾಡಿಯವರನ್ನೆಲ್ಲ ದೂರದಿಂದಲೇ ಗುರುತಿಸಬಹುದಿತ್ತು. ಎಲ್ಲರ ತಲೆಯೂ ಬಲಕ್ಕೆ ವಾಲಿರುತ್ತಿತ್ತು.

ಮೇಸ್ತ್ರಿ ಸ್ಪೀಕರು ಬದಲಾಯಿಸಿದ. ಬೆಸುಗೆ ಬಿಚ್ಚಿ ಮತ್ತೆ ಹಾಕಿದ. ಬಣ್ಣ ಕೆರೆದ ಜಾಗವನ್ನೇ ಮತ್ತೆ ಕೆರೆದ. ಟಾರ್ಚಿನ ಸೆಲ್ಲು ಹಿಡಿದು ಉಸಿರು ನೋಡಿದ, ಎರಡೂ ಒಟ್ಟಿಗೇ ಉಸಿರಾಡುತ್ತಿದ್ದವು. ಎಲ್ಲ ಮುಗಿಸಿ ಹೆಂಡತಿಯನ್ನು ಕೂರಿಸಿಕೊಂಡು ಹೋದರೆ ಮತ್ತೆ ಅದೇ ಕಥೆ. ಹೆಂಡತಿಯ ಕೈಯನ್ನು ಮಾತ್ರ ಅವನು ಒಂದು ಸಲವೂ ಅನುಮಾನಿಸಲಿಲ್ಲ. ತನ್ನ ಕೈಯನ್ನೇ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿಕೊಳ್ಳುತ್ತಿದ್ದ. ಅದನ್ನು ಕಂಡಾಗ ಅವಳಿಗೆ ಅಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಇನ್ನೊಂದು ಕೊರಗೂ ಅವಳಿಗೆ ಇತ್ತು. ಬೆಸುಗೆ ಹಾಕುವಾಗ ಮೇಸ್ತ್ರಿ ಯಾವಾಗಲೂ ಗುನುಗುತ್ತಿದ್ದ. ಯಾವ ಹಾಡೂ ಅಲ್ಲ, ಹಾಡಿನ ನೆರಳು. ಮಧ್ಯಾಹ್ನ ಚಾಪೆ ಹಾಸಿಕೊಂಡು, ಬಲಮಗ್ಗುಲಾಗಿ ಪರದೆಯ ಕಡೆ ಮುಖ ಮಾಡಿ ಮಲಗಿದರೆ, ಪರದೆಯ ಕೆಳಗೆ ಅವನ ಪಾದ ಕಾಣುತ್ತಿತ್ತು, ಮೇಲಿನಿಂದ ಗುನುಗು ಕೇಳುತ್ತಿತ್ತು. ಈಗ ಪಾದ ಮಾತ್ರ ಕಾಣುತ್ತಿತ್ತು. ಗುನುಗು ನಿಂತು ತಿಂಗಳುಗಳೇ ಆಗಿದ್ದವು. 'ನನ್ನ ಮೇಲೆ ಬೇಸರ. ಬಾಯಿಬಿಟ್ಟು ಹೇಳ್ತಿಲ್ಲ, ಅಷ್ಟೇ' ಎಂದುಕೊಂಡಿದ್ದಳು.

ಅಷ್ಟರಲ್ಲಿ ನರ್ಸಮ್ಮ ಬಂದಳು. ಊರಾಚೆಯ ಹಳ್ಳಿಗಳಿಗೆ ಹೆರಿಗೆ ಮಾಡಿಸಲು ಹೋಗುವವಳು. ಗಂಡಸರೂ ಎತ್ತಲು ಹೆದರುವಂಥ ದೊಡ್ಡ ಹಳೇ ಮೋಟಾರ್ ಸೈಕಲ್ಲನ್ನು ಒಂದೇ ಒದೆತಕ್ಕೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿದಳು.

"ಮೇಸ್ತ್ರಿ, ನಿಮ್ಮ ಸೆಟ್ಟು ಸರಿಯಿದ್ರೆ ಅಕ್ಕನಿಗೆ ನಿದ್ದೆ ಬರುತ್ತಂತೆ. ನನಗೆ ಅದರ ಉಲ್ಟಾ ಬೇಕು. ಹೆರಿಗೆ ಮುಗಿಸಿ ವಾಪಸ್ ಬರೋವಾಗ ಕಣ್ಣು ಎಳೀತವೆ. ಮೊನ್ನೆ ಹಾಗೇ ಹೋಗಿ ರಸ್ತೆ ಮೇಲಿದ್ದ ಹಸುವಿನ ಹತ್ರ ಕ್ಷಮೆ ಕೇಳಿ ಬಂದೆ."

"ನಿದ್ದೆ ಬರೋದು ಹಿಂದೆ ಕೂತವರಿಗೆ ನರ್ಸಮ್ಮ," ಎಂದ ಮೇಸ್ತ್ರಿ. "ಮುಂದೆ ಕೂತವರಿಗೆ ಜೀವ ಬರುತ್ತೆ."

ನಗುನಗುತ್ತಲೇ ಒಪ್ಪಿಕೊಂಡ. ಅವಳು ಹೋದ ಮೇಲೆ ಒಳಗೆ ಬಂದು, ಚಹಾದ ಲೋಟ ಹಿಡಿದು ನೆಲದ ಮೇಲೆ ಕೂತು ಬೇರೆಯೇ ದನಿಯಲ್ಲಿ ಹೇಳಿದ:

"ಇದೇ ಕೊನೇದು. ಇದೂ ವಾಪಸ್ ಬಂದ್ರೆ ಶಟರ್ ಎಳೀತೀನಿ. ನಿನ್ನ ತಂಗಿ ಗಂಡ ಚಿಲಕ ಮೊಳೆ ಅಂಗಡೀಲಿ ಬಂದು ಕೂತ್ಕೋ ಅಂತ ಕರೀತಾನೇ ಇದಾನೆ. ಮೊಳೆ ಕೊಟ್ರೆ ಎಡಕ್ಕೆ ಜೋರು ಬಲಕ್ಕೆ ಮೆಲ್ಲಗೆ ಅಂತ ಯಾರೂ ವಾಪಸ್ ತರಲ್ಲ."

"ಹಾಗೆಲ್ಲ ಯಾಕಂತೀರಿ," ಎಂದಳು.

"ಕೈ ಕೆಟ್ಟಿದೆ ಕಣೇ. ನನಗೆ ಗೊತ್ತಾಗ್ತಿದೆ," ಎಂದು ಅವನು ಎದ್ದು ಹೋದ. ಲೋಟದಲ್ಲಿ ಚಹಾ ಹಾಗೇ ಉಳಿದಿತ್ತು.

ನರ್ಸಮ್ಮನ ಗಾಡಿಯ ಕೆಲಸ ಮುಗಿಯಲು ಬಂದ ಮಧ್ಯಾಹ್ನ ಅವಳು ಎಂದಿನಂತೆ ಚಾಪೆ ಹಾಸಿದಳು. ನೀರಿನ ಕೊಡ ಎತ್ತಿ ಬಲ ಭುಜ ಉಳುಕಿತ್ತು, ಆ ಮಗ್ಗುಲಿಗೆ ಮಲಗಲಾಗಲಿಲ್ಲ. ನರಳಿಕೊಂಡು ಹೊರಳಿದಳು. ಪರದೆಗೆ ಬೆನ್ನು, ಗೋಡೆಗೆ ಮುಖ. ಗೋಡೆಯ ಸುಣ್ಣದಲ್ಲಿ ಕೆರೆಯ ಆಕಾರದ ಒಂದು ಕಲೆ ಇತ್ತು. ಅದನ್ನು ನೋಡುತ್ತಾ ಇದ್ದಳು.

ಗುನುಗು ಕೇಳಿತು.

ಕನಸೇ ಇರಬೇಕೆಂದು ಉಸಿರು ಹಿಡಿದಳು. ಮತ್ತೆ ಕೇಳಿತು. ಅದೇ ನೆರಳಿನಂಥ ಹಾಡು, ಅದೇ ನಡುವೆ ತಡೆದು ಬೆಸುಗೆಯ ಹೊಗೆ ಊದುವ ಉಸಿರು. ಮೆಲ್ಲಗೆ ಬಲಮಗ್ಗುಲಿಗೆ ಹೊರಳಿದಳು, ನಿಂತಿತು. ಎಡಕ್ಕೆ ಹೊರಳಿದಳು, ಬಂತು.

ಅವನು ನಿಲ್ಲಿಸಿಯೇ ಇರಲಿಲ್ಲ. ಇಷ್ಟು ತಿಂಗಳೂ ಅವಳು ಅವನ ಕಡೆ ಮುಖ ಮಾಡಿ, ಸರಿಯಿದ್ದ ಕಿವಿಯನ್ನು ದಿಂಬಿಗೆ ಒತ್ತಿ, ಕೆಟ್ಟ ಕಿವಿಯನ್ನು ಮೇಲೆ ಮಾಡಿಕೊಂಡು ಮಲಗಿದ್ದಳು. ಬೆನ್ನು ತಿರುಗಿಸಿದ ಮೇಲೆ ಗಂಡ ಕೇಳಿಸಿದ. ಅವಳು ಗೋಡೆಯ ಕೆರೆಯನ್ನು ನೋಡುತ್ತಾ ಮಲಗಿಯೇ ಇದ್ದಳು. ಕಣ್ಣೀರು ಮೂಗನ್ನು ದಾಟಿ ದಿಂಬಿಗೆ ಇಳಿಯಿತು. ಅಳುವಿನ ನಡುವೆಯೇ ಒಂದು ಯೋಚನೆ ಹೊಳೆದು, ಎದ್ದು ಕೂತಳು.

ಅವತ್ತು ಬಿಸಿಲು ಇಳಿದ ಹೊತ್ತಿಗೆ ನರ್ಸಮ್ಮನ ಗಾಡಿ ಹೊರಟಿತು. ಮುಂದೆ ಮೇಸ್ತ್ರಿ, ಹಿಂದೆ ಅವಳು, ನಡುವೆ ತಂಗಿಯ ಪಟ್ಟಿ. ಕ್ಷೌರದಂಗಡಿ ದಾಟಿತು, ಡಿಪೋದ ಗೋಡೆ ದಾಟಿತು, ಕೆರೆ ತೆರೆದುಕೊಂಡಿತು. ಬಲದಿಂದ ಹಾಡು ತುಂಬಿ ಬರುತ್ತಿತ್ತು, ಎಡದಲ್ಲಿ ಬರೀ ಗಾಳಿ. ಮೇಸ್ತ್ರಿಯ ಭುಜ ಬಿಗಿಯಾಗಿತ್ತು, ತಟ್ಟುವುದಕ್ಕೆ ಕಾಯುತ್ತಿತ್ತು. ಅವಳ ಎಡಗೈ ಅಭ್ಯಾಸದ ಮೇಲೆ ಮೇಲೆದ್ದಿತು. ಎದ್ದದ್ದು ಅಲ್ಲೇ ನಿಂತಿತು. ಕೈ ಇಳಿಸಿ ಬಕಲ್ ಬಿಚ್ಚಿದಳು.

"ನಿಲ್ಲಿಸಿ ರೀ!"

ಗಾಡಿ ನಿಂತಿತು. ಹಾಡು ನಿಂತಿತು. ಕೆರೆಯ ನೀರು ದಡಕ್ಕೆ ಲಪಲಪ ಎನ್ನುತ್ತಿತ್ತು.

"ಸೆಟ್ಟು ಕೆಟ್ಟಿಲ್ಲ," ಎಂದಳು. "ನಿಮ್ಮ ಕೈಯೂ ಕೆಟ್ಟಿಲ್ಲ. ನನ್ನ ಎಡಗಿವಿ ಕೆಟ್ಟಿದೆ."

ಮೇಸ್ತ್ರಿ ಗಾಡಿಯಿಂದ ಇಳಿಯಲಿಲ್ಲ. ಕತ್ತು ಮಾತ್ರ ತಿರುಗಿಸಿದ. "ಯಾವಾಗಿಂದ?"

"ಆ ನೆಗಡಿ ಬಂದು ಹೋಯ್ತಲ್ಲ, ಆವಾಗಿಂದ."

"ಮತ್ತೆ ನಿದ್ದೆ ಬರ್ತಿತ್ತಲ್ಲ?"

"ಸುಳ್ಳು ನಿದ್ದೆ."

ಅವನು ನೀರಿನ ಕಡೆ ನೋಡಿದ. "ಅದಕ್ಕೇ ಗೊರಕೆ ಇರಲಿಲ್ಲ," ಎಂದ.

"ನಾನು ಗೊರಕೆ ಹೊಡೀತೀನಾ?" ಅಳು ಬಂದಿದ್ದವಳಿಗೆ ಸಿಟ್ಟು ಬಂತು.

"ನನ್ನ ಕಿವಿಗೆ ಕೇಳಲ್ಲ, ಬೆನ್ನಿಗೆ ಗೊತ್ತಾಗುತ್ತೆ. ನಿನ್ನ ನಿದ್ದೆ ಹತ್ತಿದ್ರೆ ಬೆನ್ನೊಳಗೆ ಒಂಥರಾ ಗುರ್ ಅನ್ನುತ್ತೆ. ಅದು ನಿಂತುಹೋಗಿತ್ತು. ನಿನಗೆ ನನ್ನ ಜೊತೆ ಬರೋದು ಸಾಕಾಗಿದೆ, ಮುಲಾಜಿಗೆ ಕೂರ್ತಿದೀಯ ಅಂದ್ಕೊಂಡೆ." ಮತ್ತೆ ಕೇಳಿದ, "ಹೇಳೋಕೇನಾಗಿತ್ತು ನಿನಗೆ?"

"ಹೇಳಿದ್ರೆ ಹಿಂದಿನ ಸೀಟು ಹೋಗುತ್ತಲ್ಲ ರೀ."

ಮೇಸ್ತ್ರಿ ಮತ್ತೆ ಮುಂದಕ್ಕೆ ತಿರುಗಿದ. ಹ್ಯಾಂಡಲಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದ. "ಎರಡೂ ಕಿವಿ ಹೋದವನು ಒಬ್ಬ, ಒಂದು ಕಿವಿ ಹೋದವಳು ಒಬ್ಬಳು. ಒಳ್ಳೇ ಹಾಡಿನ ಅಂಗಡಿ ಇಟ್ಟಿದೀವಿ," ಎಂದ. ಅವನ ದನಿಯಲ್ಲಿ ನಗು ಇತ್ತೋ ಅಳು ಇತ್ತೋ, ಕೆರೆಗೇ ಗೊತ್ತು.

"ಒಂದು ಕಿವಿ ಇದೆಯಲ್ಲ," ಎಂದಳು ಅವಳು. "ಇದರಲ್ಲಿ ಬಲದವನು ಎಷ್ಟು ಕೇಳ್ತಾನೆ ಅಂತ ನೋಡ್ಕೊಂಡಿದೀನಿ. ಈಗ ನಾನು ತಿರುಗಿ ಕೂತ್ಕೋತೀನಿ. ನಿಮ್ಮ ಬೆನ್ನಿಗೆ ನನ್ನ ಬೆನ್ನು. ಆವಾಗ ಇದೇ ಕಿವಿ ಎಡದವನ ಕಡೆ ಬರುತ್ತೆ. ಎರಡು ಸಲಾನೂ ಅಷ್ಟೇ ಕೇಳಿದ್ರೆ ಎರಡೂ ಸಮ."

"ಹಿಂದುಮುಂದಾಗಿ? ನೋಡಿದವರು ಏನಂತಾರೆ?"

"ಇಷ್ಟು ದಿನ ನಿದ್ದೆಯಕ್ಕ ಅಂದ್ರು. ಇನ್ಮೇಲೆ ಉಲ್ಟಾ ಅಕ್ಕ ಅನ್ನಲಿ ಬಿಡಿ."

ಇಳಿದು, ತಿರುಗಿ ಹತ್ತಿ ಕೂತಳು. ಪಟ್ಟಿಯನ್ನು ಅವನೇ ಕಟ್ಟಿದ, ಎರಡೆರಡು ಸಲ ಎಳೆದು ನೋಡಿದ. ಗಾಡಿ ಹೊರಟಿತು, ಆಮೆಯ ಹಾಗೆ. ಹಾಡು ಬಂತು. ಈ ಸಲ ಭುಜ ಅವಳ ಕೈಗೆ ಸಿಗುತ್ತಿರಲಿಲ್ಲ, ಮೊಣಕೈಯಿಂದ ತಿವಿದು, ಕತ್ತು ಹಿಂದಕ್ಕೆ ಚೆಲ್ಲಿ ಅವನ ಕಿವಿಗೇ ಕೂಗಿದಳು.

"ಎಡ! ಸ್ವಲ್ಪ ಇಳಿಸಿ!"

"ಯಾರ ಎಡ? ನಿನ್ನ ಎಡವೋ ನನ್ನ ಎಡವೋ?"

"ಗಾಡಿ ಎಡ ರೀ!"

ನಿಲ್ಲಿಸಿ ಇಳಿಸಿದ. ಹೊರಟ. ಜಾಸ್ತಿ ಇಳಿಯಿತು ಎಂದಳು, ಏರಿಸಿದ. ಅವಳು ಮುಂದೆ ತಿರುಗಿ ಕೂತು ಬಲದ್ದು ಕೇಳಿದಳು, ಹಿಂದೆ ತಿರುಗಿ ಕೂತು ಎಡದ್ದು ಕೇಳಿದಳು. ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು ಒಗೆಯುವುದು ಬಿಟ್ಟು ನಿಂತು ನೋಡಿದರು. "ಗಂಡ ಹೆಂಡ್ತಿ ಜಗಳ ಆಡಿರಬೇಕು, ಮುಖ ನೋಡಲ್ಲ ಅಂತ ಕೂತಿದಾಳೆ," ಎಂದು ಒಬ್ಬಳು ಹೇಳಿದ್ದು ಅವಳ ಬಲಗಿವಿಗೆ ಸ್ಪಷ್ಟವಾಗಿ ಬಿತ್ತು.

ಕೊನೆಗೊಮ್ಮೆ ಅವಳು ತಿವಿಯಲಿಲ್ಲ. ಅಂಗೈ ಇಡಲು ಅವನ ಬೆನ್ನು ಎದುರಿಗಿರಲಿಲ್ಲ, ತನ್ನ ಬೆನ್ನನ್ನೇ ಅವನ ಬೆನ್ನಿಗೆ ಒರಗಿಸಿದಳು. ಅದೇ ಗುರುತು ಎಂದು ಅವನಿಗೆ ತಿಳಿಯಿತು.

ಇಷ್ಟು ವರ್ಷ ಆ ದಾರಿ ಅವಳ ಎದುರಿಗೆ ಬರುತ್ತಿತ್ತು. ಇವತ್ತು ಅವಳನ್ನು ಬಿಟ್ಟು ಹೋಗುತ್ತಿತ್ತು. ಮರಗಳು ಅವಳ ಕಿವಿಯ ಪಕ್ಕದಿಂದ ಹೊರಟು, ಸಣ್ಣಗಾಗುತ್ತಾ, ಒಂದರ ಹಿಂದೊಂದು ಸಾಲಾಗಿ ದೂರಕ್ಕೆ ನಡೆದವು. ಬಟ್ಟೆ ಒಗೆಯುವವರು ಬೊಂಬೆಗಳಾದರು. ಕೆರೆ ಸುರುಳಿ ಸುತ್ತಿದ ಬಟ್ಟೆಯ ಹಾಗೆ ಬಿಚ್ಚಿಕೊಳ್ಳುತ್ತಾ ಉದ್ದವಾಯಿತು, ಅದರ ತುದಿಯಲ್ಲಿ ಸೂರ್ಯ ಕೂತಿದ್ದ. ಹಾಡು ಎಡದಿಂದ ಬಂತೋ ಬಲದಿಂದ ಬಂತೋ ಅವಳಿಗೆ ಹೇಳಲಾಗುತ್ತಿರಲಿಲ್ಲ. ಎಲ್ಲೋ ಬೆನ್ನಿನ ಮೂಲಕ ಬರುತ್ತಿತ್ತು. ಅದರ ಕೆಳಗೆ ಇನ್ನೊಂದು ಸಣ್ಣ ನಡುಕ ಇತ್ತು. ಮೇಸ್ತ್ರಿ ಗುನುಗುತ್ತಿದ್ದ. ಗಾಳಿಗೆ ಹಸಿ ಮಸಿಯ ವಾಸನೆ ಬಂತು. ಹಾಳೆಗಳು ಒಂದರ ಮೇಲೊಂದು ಬಿದ್ದವು.

ಮುಂದಿನದೆಲ್ಲ ಅವಳಿಗೆ ತಂಗಿ ಆಮೇಲೆ ಹೇಳಿದ್ದು.

ಗಾಡಿ ಬೀದಿಗೆ ಬಂದಾಗ ಅಂಗಡಿಯ ಮುಂದೆ ನರ್ಸಮ್ಮ ಕಾಯುತ್ತಾ ನಿಂತಿದ್ದಳು. ಬ್ರೆಡ್ಡಿನಣ್ಣನೂ ಇದ್ದ, ಕತ್ತು ವಾಲಿಸಿಕೊಂಡೇ. ಹಿಂದುಮುಂದಾಗಿ ಕೂತು, ಗಂಡನ ಭುಜದ ಮೇಲೆ ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ತುಸು ತೆರೆದು ಬರುತ್ತಿದ್ದ ನಿದ್ದೆಯಕ್ಕನನ್ನು ನೋಡಿ ಬೀದಿಯ ಅಂಗಡಿಗಳೆಲ್ಲ ಬಾಗಿಲಿಗೆ ಬಂದವು.

"ಅಕ್ಕನಿಗೆ ನಿದ್ದೆ..." ಎಂದು ಬ್ರೆಡ್ಡಿನಣ್ಣ ಬಾಯಿ ತೆರೆದ.

ಮೇಸ್ತ್ರಿ ತುಟಿಯ ಮೇಲೆ ಬೆರಳಿಟ್ಟ. ಗಾಡಿ ನಿಲ್ಲಿಸಲಿಲ್ಲ, ಇಂಜಿನ್ನೂ ಆರಿಸಲಿಲ್ಲ. ಸದ್ದು ನಿಂತರೆ ಅವಳಿಗೆ ಎಚ್ಚರವಾಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಅವರೆಲ್ಲರ ಮುಂದೆ ಮೆಲ್ಲಗೆ ಒಂದು ಸುತ್ತು ಹೊಡೆದು, ಬ್ರೆಡ್ಡಿನಣ್ಣನಿಗೆ ನಾಳೆ ಗಾಡಿ ತಗೊಂಡು ಬಾ ಎಂದು ಕೈಸನ್ನೆ ಮಾಡಿ, ಮತ್ತೆ ಕೆರೆಯ ದಾರಿಗೆ ತಿರುಗಿಸಿದ.

"ಅಯ್ಯೋ ಮೇಸ್ತ್ರಿ, ಅದು ನನ್ನ ಪೆಟ್ರೋಲು!" ಎಂದಳು ನರ್ಸಮ್ಮ. ಆದರೆ ಪಿಸುದನಿಯಲ್ಲಿ ಎಂದಳು.